ನೆಲಮಾಳಿಗೆಯ ನೀರು ಮತ್ತು ನನ್ನ ಶಾಣೆತನ

ಗುಂಡು ಹಾರಿಸುವ, ಕಾರು ಓಡಿಸುವ ಕಂಪ್ಯೂಟರ್ ಆಟಗಳು ನನ್ನ ಕೈಗೆ ಎಂದೂ ಬಗ್ಗಲಿಲ್ಲ. ನನಗೆ ಬೇಕಾದದ್ದು ಒಂದು ಹಳೆಯ ಮನೆ. ಅದರ ಯಜಮಾನ ಕಾಣೆಯಾಗಿರಬೇಕು, ಎಳೆದು ನೋಡಲು ಖಾನೆಗಳು ತುಂಬ ಇರಬೇಕು, ಹಿಂದಿನಿಂದ ಯಾರೂ ಅಟ್ಟಿಸಿಕೊಂಡು ಬರಬಾರದು. ನಿಜವಾಗಿ ನೆಂಟರ ಮನೆಯ ಕಪಾಟು ತೆಗೆದು ನೋಡಿದರೆ ಮಾನ ಹೋಗುತ್ತದೆ. ಇಲ್ಲಿ ತೆಗೆಯದಿದ್ದರೆ ಆಟವೇ ಮುಂದೆ ಹೋಗುವುದಿಲ್ಲ. ಇದಕ್ಕಿಂತ ಸುಖ ಇನ್ನೇನಿದೆ?

ಒಗಟು ಆ ಮನೆಯದೇ ಆಗಿರಬೇಕು ಅನ್ನುವುದು ನನ್ನ ಹಟ. ಅಡುಗೆಮನೆಯ ಬೀಗದ ಕೈ ಅಕ್ಕಿ ಡಬ್ಬದಲ್ಲಿ ಸಿಕ್ಕರೆ ಒಪ್ಪುತ್ತೇನೆ, ಯಾವ ಮನೆಯಲ್ಲೂ ಅದು ಅಲ್ಲೇ ಇರುತ್ತದೆ. ಗಡಿಯಾರದ ಮುಳ್ಳಿಗೆ ಬೆಣ್ಣೆ ಹಚ್ಚಿದರೆ ಅಟ್ಟದ ಬಾಗಿಲು ತೆರೆಯುತ್ತದೆ ಅಂದರೆ ಯಾರಿಗೆ ಹೊಳೆಯಬೇಕು? ಇನ್ನು ಚೌಕಗಳನ್ನು ಸರಿಸಿ ಸರಿಸಿ ಚಿತ್ರ ಕೂಡಿಸುವ ಒಗಟು ಬಂತೆಂದರೆ, ಆಟ ತಯಾರಿಸಿದವನಿಗೆ ಆ ದಿನ ಬೇರೇನೂ ಹೊಳೆದಿರಲಿಲ್ಲ ಅಂತಲೇ ಲೆಕ್ಕ. ಇಷ್ಟೆಲ್ಲ ಅಭಿಪ್ರಾಯ ಇಟ್ಟುಕೊಂಡ ನಾನು ಕಷ್ಟದ ಒಗಟನ್ನು ಸ್ವಂತ ತಲೆಯಿಂದ ಬಿಡಿಸಿದ್ದು ಅಪರೂಪ. ಆ ಮಾತಿಗೆ ಬಂದರೆ ನನಗೆ ಗಂಡನ ಅಪ್ಪ, ನಮ್ಮ ಮಾವ ನೆನಪಾಗುತ್ತಾರೆ, ಮುಖ ಸಣ್ಣದಾಗುತ್ತದೆ.

ಆಗ ನಾವಿದ್ದದ್ದು ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ. ಗಂಡನ ನೌಕರಿ ಅಲ್ಲೇ, ನನ್ನದು ಕಾರವಾರದ ಒಂದು ಆಫೀಸಿನಲ್ಲಿ. ಅಂಕೋಲಾ ಕಡೆಯ ಊರಲ್ಲಿ ಬೇಸಾಯ ಮಾಡಿಕೊಂಡಿದ್ದ ಮಾವನಿಗೆ ಪಾರ್ಶ್ವವಾಯು ಹೊಡೆದು, ನಾವು ಅವರನ್ನು ಕರೆದುಕೊಂಡು ಬಂದಿದ್ದೆವು. ನಡಿಗೆ ಬೇಗ ಸರಿಹೋಯಿತು. ಬಲಗೈ ಮಾತ್ರ ಸೋತೇ ಇತ್ತು, ಒಮ್ಮೊಮ್ಮೆ ಮಾತು ತಡೆಯುತ್ತಿತ್ತು. ಲೋಟ ಬೇಕಾದಾಗ ಆ ಶಬ್ದ ಸಿಗದೆ ಕೈ ತೋರಿಸಿ ಸುಮ್ಮನಾಗುತ್ತಿದ್ದರು. "ನನ್ನ ತಲೆ ಹೋಯ್ತು ತಂಗಿ, ಇನ್ನು ಯಾವ ಕೆಲ್ಸಕ್ಕೂ ಬರೂದಿಲ್ಲ" ಅನ್ನುವುದು ದಿನದ ಮಾತಾಗಿತ್ತು. ಡಾಕ್ಟರು ಕೈಗೂ ತಲೆಗೂ ಏನಾದರೂ ಕೆಲಸ ಕೊಡಿ ಅಂದರು.

ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ ಸಮುದ್ರದ ಬದಿಯ ಬಂಗಲೆಯೊಂದರ ಆಟ ಇತ್ತು. ಭಾನುವಾರ ಮೀನೂಟ ಮುಗಿದ ಮೇಲೆ ಮಾವನ ಬಲಗೈಗೆ ಮೌಸ್ ಕೊಟ್ಟು ಪಕ್ಕದಲ್ಲಿ ಕೂತೆ. ಇಂಗ್ಲಿಷಿನಲ್ಲಿ ಬಂದದ್ದನ್ನು ನಾನು ಹೇಳಬೇಕು, ಅವರು ಒತ್ತಬೇಕು. ಮೊದಮೊದಲು ಬಾಣದ ಗುರುತು ಕಪಾಟಿನ ಮೇಲೆ ನಿಲ್ಲದೆ ಛಾವಣಿಗೆ ಹೋಗುತ್ತಿತ್ತು. ಕೆಲವು ವಾರದಲ್ಲಿ ಕೈ ಹಿಡಿತಕ್ಕೆ ಬಂತು. "ಈ ಮನೆ ಆಳು ಸುಳ್ಳು ಹೇಳ್ತಾನೆ ಇವ, ಕಣ್ಣು ನೋಡೇ ಅವಂದು" ಅನ್ನುವಷ್ಟು ಹುಮ್ಮಸ್ಸೂ ಬಂತು.

ಎಡವಟ್ಟಾದದ್ದು ಅಲ್ಲೇ. ಒಗಟು ಬಿಡಿಸಲಾಗದಿದ್ದರೆ ಮಾವ ಕುಗ್ಗಿಹೋಗುತ್ತಿದ್ದರು, ತಪ್ಪು ತಮ್ಮ ತಲೆಯದೇ ಅಂತ. ಅದನ್ನು ನೋಡಲಾಗದೆ ನಾನು ಕಾರವಾರದಲ್ಲಿ ಊಟದ ಬಿಡುವಿಗೆ ಸೈಬರ್ ಕೆಫೆಗೆ ಹೋಗಿ ಉತ್ತರ ಓದಿಕೊಂಡು ಬರತೊಡಗಿದೆ. ಭಾನುವಾರ ಸ್ವಲ್ಪ ಹುಬ್ಬು ಗಂಟಿಕ್ಕಿ, ಆಗಷ್ಟೇ ಹೊಳೆದವಳ ಹಾಗೆ, "ಮಾವ, ಆ ಚಿತ್ರದ ಹಿಂದೆ ನೋಡುವಾ?" ಅನ್ನುವುದು. ಅವರಿಗೋ ಸೋಜಿಗ. ಊರಿಂದ ಯಾರೇ ನೋಡಲು ಬರಲಿ, "ನಮ್ಮ ಸೊಸೆ ತಲೆ ಎಂತಾ ತಲೆ ಅಂತೀರಿ! ಪೋಲೀಸರಿಗೂ ಗೊತ್ತಾಗೂದಿಲ್ಲ ಹಂಗೆ ಕಂಡುಹಿಡೀತಾಳೆ" ಎಂದು ಹೊಗಳುತ್ತಿದ್ದರು. ನಾನು ಚಾ ಕೊಡುವ ನೆಪದಲ್ಲಿ ಒಳಗೆ ಜಾರಿಕೊಳ್ಳುತ್ತಿದ್ದೆ. ನಾಚಿಕೆ ಆಗುತ್ತಿತ್ತು, ಸುಳ್ಳೇಕೆ, ಖುಷಿಯೂ ಆಗುತ್ತಿತ್ತು.

ಕೊನೆಗೆ ಬಂಗಲೆಯ ನೆಲಮಾಳಿಗೆಗೆ ಬಂದೆವು. ಒಳಗೆಲ್ಲ ನೀರು, ಅದನ್ನು ಹೊರಹಾಕದೆ ಮುಂದಕ್ಕೆ ದಾರಿಯಿಲ್ಲ. ಆಚೆ ಗೋಡೆಯಲ್ಲಿ ಸಮುದ್ರದ ಕಡೆಗೆ ಮರದ ಹಲಗೆಯ ಬಾಗಿಲು, ಅದನ್ನು ಎತ್ತುವ ಚಕ್ರ, ಪಕ್ಕದಲ್ಲಿ ಬಣ್ಣದ ಹಿಡಿಕೆಗಳು, ಮೇಲೊಂದು ಕಿಟಕಿ. ಆ ವಾರ ಆಫೀಸಿನಲ್ಲಿ ಕೆಲಸ ಮೈಮೇಲೆ ಬಿದ್ದು ನಾನು ಸೈಬರ್ ಕಡೆ ಹೋಗಿರಲಿಲ್ಲ. ಮಾವ ಮುಂದೆ ಬಾಗಿ ನೋಡಿದರು. ಅವರ ಗದ್ದೆ ಹಳ್ಳದ ಬದಿಯ ಗಜನಿ, ಸಮುದ್ರದ ಉಪ್ಪುನೀರು ಹತ್ತಿ ಇಳಿಯುವ ಜಾಗ. ಅಲ್ಲಿ ಮಣ್ಣಿನ ಕಟ್ಟಿನ ಬಾಯಿಗೆ ಹೀಗೇ ಒಂದು ಹಲಗೆ ಇರುತ್ತದೆ, ನೀರು ಏರುವ ಭರತಿಗೆ ಮುಚ್ಚುವುದು, ಇಳಿತಕ್ಕೆ ತೆಗೆಯುವುದು.

"ಈಗ ತೆಗೆಯೂದು ಬೇಡ ತಂಗಿ," ಅಂದರು. ಮಾತು ಎಲ್ಲೂ ತಡೆಯಲಿಲ್ಲ. "ಕಿಟಕೀಲಿ ನೋಡು, ಹೊರಗೆ ಭರತಿ. ಈಗ ತೆಗೆದ್ರೆ ಮತ್ತೂ ನೀರು ಒಳಗೇ ಬರ್ತದೆ. ಇಳೀಲಿ, ಸುಮ್ನೆ ಕಾಯುವ."

ಆಟದಲ್ಲಿ ಸುಮ್ಮನೆ ಕಾಯುವುದೇ? ಅಂಥದ್ದನ್ನು ನಾನು ಎಲ್ಲೂ ಓದಿರಲಿಲ್ಲ. ಶಾಣೆ ಸೊಸೆ ಗೊತ್ತಿಲ್ಲ ಅನ್ನುವುದು ಹೇಗೆ? "ಇಲ್ಲ ಮಾವ, ಆಟದಲ್ಲಿ ಹಂಗೆಲ್ಲ ಇರೂದಿಲ್ಲ," ಅಂದೆ, ಶಾಲೆಯ ಮಾಸ್ತರರ ದನಿಯಲ್ಲಿ. "ಬಣ್ಣದಲ್ಲೇ ಇದೆ ಗುಟ್ಟು. ಕೊಡಿ ಇಲ್ಲಿ." ಮೌಸನ್ನು ಅವರ ಕೈಯಿಂದ ನಾನೇ ತೆಗೆದುಕೊಂಡೆ. ಹಿಡಿಕೆಗಳನ್ನು ಹೇಗೆ ತಿರುಗಿಸಿದರೂ ನೀರು ಜಗ್ಗಲಿಲ್ಲ.

"ನಿನಗೇ ಆಗೂದಿಲ್ಲ ಅಂದ್ರೆ ಅದು ಆಗೂದಲ್ಲ ಬಿಡು," ಅಂದು ಮಾವ ಎದ್ದರು. "ನಾನೊಬ್ಬ ಮರುಳ. ಕಂಪ್ಯೂಟರಿಗೆ ಗಜನಿ ಕತೆ ಹೇಳೂಕೆ ಹೋದೆ."

ಮುಂದಿನ ವಾರ ಸೈಬರಿಗೆ ಓಡಿದೆ. ಬಣ್ಣದ ಹಿಡಿಕೆಗಳು ಬರೀ ದಾರಿ ತಪ್ಪಿಸಲು ಇಟ್ಟವು. ಏನನ್ನೂ ಮುಟ್ಟದೆ ಕಾಯಬೇಕು, ಹೊರಗೆ ನೀರು ಇಳಿದ ಮೇಲೆ ಚಕ್ರ ತಿರುಗಿಸಬೇಕು, ಅಷ್ಟೇ ಉತ್ತರ. ಸಂಜೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ತಲೆ ಹೋಯ್ತು ಅಂತ ಹೆದರಿದ್ದ ಮನುಷ್ಯನ ತಲೆ ನೆಟ್ಟಗೇ ಇತ್ತು. ಇಲ್ಲ ಅಂತ ಹೇಳಿದವಳು ನಾನು.

ಚೀಲ ಇಡುವ ಮೊದಲೇ ಹೇಳಿದೆ. "ಮಾವ, ನೀವು ಹೇಳಿದ್ದೇ ಸರಿ. ನಾನು ಇಷ್ಟು ದಿನ ಎಲ್ಲ ಕಾರವಾರದಲ್ಲಿ ಓದಿಕಂಡು ಬಂದು ಹೇಳ್ತಿದ್ದೆ. ಇದೊಂದು ಓದಿರಲಿಲ್ಲ, ನೀವೇ ಕಂಡುಹಿಡಿದ್ರಿ."

ಮಾವ ನಕ್ಕರು. "ಅಡ್ಡಿಲ್ಲ ಬಿಡೆ. ಹುಷಾರಿಲ್ಲದವಂಗೆ ಸಮಾಧಾನ ಮಾಡೂಕೆ ಎಷ್ಟ್ ಚಂದ ಮಾಡಿ ಹೇಳ್ತೀಯೆ."

ಎಬ್ಬಿಸಿ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಮೌಸ್ ಕೈಗಿಟ್ಟರೆ ಕೈಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು. ಕೊನೆಗೆ ನಾನೇ ಆಡಿದೆ, ಅಂದರೆ ಕಾದೆ. ಕಿಟಕಿಯಾಚೆ ಸಮುದ್ರ ನಿಧಾನ ಹಿಂದೆ ಸರಿಯಿತು. ಚಕ್ರ ತಿರುಗಿಸಿದೆ, ಹಲಗೆ ಮೇಲೆದ್ದಿತು, ನೀರು ಹೊರಗೆ ಹರಿದು ಪಾಚಿ ಕಟ್ಟಿದ ಮೆಟ್ಟಿಲುಗಳು ಕಂಡವು. "ನೋಡಿ ಮಾವ, ನೀವು ಹೇಳಿದ ಹಂಗೇ," ಅಂದೆ.

ಮಾವ ಪರದೆಯನ್ನೂ ನನ್ನ ಮುಖವನ್ನೂ ನೋಡಿದರು. ಅವರ ಕಣ್ಣಲ್ಲಿದ್ದದ್ದು ಬರೀ ಮೆಚ್ಚುಗೆ.

"ಹೆಂಗೆ ಕಂಡುಹಿಡಿದ್ಯೆ ತಂಗಿ ನೀನು?" ಅಂದರು.