ಸತ್ತ ಕುರಿಗಳ ನೆತ್ತಿಯ ಜಾಜು

ರೋಗಿ ಸುಳ್ಳು ಹೇಳುವುದಿಲ್ಲ ಎಂಬುದೊಂದೇ ದನದ ಡಾಕ್ಟರಿಗಿರುವ ಸುಖ. ರೋಗಿಯ ಒಡೆಯನ ಮಾತು ಬೇರೆ. ಇದನ್ನು ಕಲಿಯಲು ನಾಮದೇವ ಡಾಕ್ಟರರಿಗೆ ಹನ್ನೆರಡು ವರ್ಷ ಹಿಡಿಯಿತು.

ಬಶೀರಾಬಾದಿನ ರೈತರ ಮನೆಯ ನಾಮದೇವರು ಹೈದರಾಬಾದಿನಲ್ಲಿ ಓದಿ, ನ್ಯಾಲ್ಕಲ್ ಕಡೆಯ ಮೂವತ್ತು ಹಳ್ಳಿಗೆ ಒಬ್ಬರೇ ಡಾಕ್ಟರಾಗಿ ಬಂದವರು. ಸರ್ಕಾರ ಕೊಟ್ಟದ್ದು ಒಂದು ಸೋರುವ ಕೋಣೆ; ಸೈಕಲ್ಲು ಸ್ವಂತದ್ದು. ಲಸಿಕೆ ಕೆಡದಿರಲೆಂದು ಜಹೀರಾಬಾದಿನಿಂದ ಬರ್ಫ ತಂದು ಥರ್ಮಾಸಿಗೆ ತುಂಬಿ, ಬಿಸಿಲೇರುವ ಮೊದಲೇ ಹಟ್ಟಿ ಮುಟ್ಟುತ್ತಿದ್ದರು. ಸೂಜಿ ಕಂಡರೆ ಕುರಿಗಿಂತ ಮೊದಲು ಕುರುಬರೇ ಓಡುತ್ತಿದ್ದ ಕಾಲ. ಅವರನ್ನು ಒಲಿಸಿಕೊಟ್ಟವನು ಅವರಲ್ಲೇ ಒಬ್ಬನಾದ ಪೀರಪ್ಪ. ಅವನ ಮನೆಯಲ್ಲಿ ಡಾಕ್ಟರರಿಗೆಂದೇ ರೊಟ್ಟಿ ಎತ್ತಿಡುತ್ತಿದ್ದರು.

೧೯೭೪ರಲ್ಲಿ ಕುರಿ ಸಿಡುಬು ಬರುತ್ತಿದೆ ಎಂದು ಸುದ್ದಿಯಾಯಿತು. ನಾಮದೇವರು ಪೀರಪ್ಪನ ಮಂದೆಗೆ ಲಸಿಕೆ ಚುಚ್ಚಿ, ಗುರುತಿಗೆಂದು ಒಂದೊಂದರ ನೆತ್ತಿಗೂ ಕೆಂಪು ಜಾಜು ಹಚ್ಚಿದರು.

"ಇಷ್ಟೇ ಏನೋ?"

"ಇಷ್ಟೇ ರೀ ಸಾಹೇಬ್ರ. ಬೀರಪ್ಪನ ಆಣಿ."

ಕುಲದೇವರ ಮೇಲಿನ ಆ ಆಣೆ ಸುಳ್ಳು. ಸೂಜಿ ಹಾಕಿದರೆ ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತವೆಂದು ಹೆದರಿ, ಪೀರಪ್ಪ ಹನ್ನೊಂದನ್ನು ಗುಡ್ಡದ ಹಿಂದೆ ಅಟ್ಟಿದ್ದ. ಅವು ಅಣ್ಣ ಮಾಳಿಂಗಪ್ಪನವು. ಸೂಜಿ ಹಾಕಿಸೆಂದು ಹೇಳಿಯೇ ತಮ್ಮನಿಗೆ ಒಪ್ಪಿಸಿದ್ದ. ತಿಂಗಳೊಳಗೆ ಹನ್ನೊಂದೂ ಸಿಡುಬಿಗೆ ಸತ್ತವು. ಅಣ್ಣನಿಗೆ ಮುಖ ತೋರಿಸಲಾಗದ ಪೀರಪ್ಪ, ಡಾಕ್ಟರ ಮದ್ದೇ ಕೆಟ್ಟಿತ್ತು ಅಂದುಬಿಟ್ಟ.

ವಿಚಾರಣೆಗೆ ಮೇಲಧಿಕಾರಿ ಜೀಪಿನಲ್ಲಿ ಬಂದರು. ಹನ್ನೊಂದರಲ್ಲಿ ಕೊನೆಗೆ ಸತ್ತ ಎರಡು ಕುರಿಗಳನ್ನು ಇನ್ನೂ ಹೂಳಿರಲಿಲ್ಲ. ಅವುಗಳ ನೆತ್ತಿಯಲ್ಲಿ ಜಾಜು! ನಾಮದೇವರು ಮುಟ್ಟಿ ನೋಡಿದರೆ ಬೆರಳಿಗೆ ಬಣ್ಣ ಅಂಟಿತು.

"ಇವಕ್ಕ ನಾ ಸೂಜಿ ಹಾಕಿಲ್ರಿ. ತಿಂಗಳಾತು, ಬಣ್ಣ ಇನ್ನಾ ಹಸಿ ಅದ, ನೋಡ್ರಿ! ಪೀರಪ್ಪ, ನನ್ನ ಮಾರಿ ನೋಡಿ ಹೇಳು."

ಪೀರಪ್ಪ ನೆಲ ನೋಡುತ್ತ, "ಎಲ್ಲಾಕೂ ಹಾಕ್ಯಾರ್ರಿ," ಅಂದ. ಅದೇ ಲಸಿಕೆಯಿಂದ ಮಂದೆ ಉಳಿಸಿಕೊಂಡ ನಾಲ್ವರು ಕುರುಬರೂ ಹೌದೆಂದು ತಲೆಯಾಡಿಸಿದರು. ಡಾಕ್ಟರು ಇವತ್ತಲ್ಲ ನಾಳೆ ವರ್ಗವಾಗಿ ಹೋಗುವವರು, ಪೀರಪ್ಪ ತಮ್ಮವನು. ಊಟಕ್ಕೆ ಹೊತ್ತಾಯಿತೆಂದು ಚಡಪಡಿಸುತ್ತಿದ್ದ ಅಧಿಕಾರಿ, ಡಾಕ್ಟರ ಅಜಾಗರೂಕತೆಯಿಂದ ಲಸಿಕೆ ಕೆಟ್ಟಿದೆ ಎಂದು ಬರೆದು ಜೀಪು ಹತ್ತಿದರು. ನಾಮದೇವರಿಗೆ ಆ ಬರಹಕ್ಕಿಂತ ಪೀರಪ್ಪನ ಮಾತೇ ಚುಚ್ಚಿತು.

ಮರುವಾರ ಅವರು ಪಕ್ಕದ ಹಟ್ಟಿಗೆ ಹೋದರೆ ದೊಡ್ಡಿ ಖಾಲಿ. ಬಾಗಿಲಲ್ಲಿ ಮುದುಕಿ ಮಾಳಮ್ಮ ಒಬ್ಬಳೇ ಕೂತಿದ್ದಳು.

"ನೀವು ಬರ್ತೀರಂತ ಕುರಿ ಅಡವಿಗಿ ಹೊಡ್ಕೊಂಡು ಹೋಗ್ಯಾರ್ರಿ. ಪೀರಪ್ಪನೇ ಹೇಳಿ ಕಳಸ್ಯಾನ."

ಇಪ್ಪತ್ತು ದಿನಕ್ಕೆ ಸಿಡುಬು ಆ ಹಟ್ಟಿಯನ್ನೂ ಮುಟ್ಟಿತು. ಸತ್ತ ಕುರಿಗಳ ಪಟ್ಟಿ ಮಾಡಲು ಇಲಾಖೆ ಕಳಿಸಿದ್ದು ನಾಮದೇವರನ್ನೇ. ಬರೆಯುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.