ತಟ್ಟೇಲಿ ಏನಿತ್ತು?

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿದ್ದ ನಾಯಿ ಡಾಕ್ಟರು ಜ್ವರ ನೋಡುವ ಮೊದಲು ಕನ್ನಡಕವನ್ನು ಹಣೆಗೇರಿಸಿ, “ತಟ್ಟೇಲಿ ಏನಿತ್ತು?” ಎಂದೇ ಕೇಳುತ್ತಿದ್ದರು. ತಂಗಿಯ ನಾಯಿಗೆ ಉಪ್ಪಿಲ್ಲದ ಅನ್ನ, ಬೇಯಿಸಿದ ಮೊಟ್ಟೆ, ಕ್ಯಾರೆಟ್ ಹಾಕಲು ಹೇಳಿದವರು ಅವರೇ. ಈರುಳ್ಳಿ ಮಾತ್ರ ವಿಷ ಎಂದಿದ್ದರು.

ತಂಗಿ ಊರಿಗೆ ಹೋದಾಗ ನಾಯಿಗೆ ಊಟ ಹಾಕುವ ಕೆಲಸ ನನಗೆ ಬಂತು. ನಮ್ಮ ಅಡುಗೆಮನೆಗೆ ಮೊಟ್ಟೆ ತರುವಂತಿಲ್ಲ. ಅವಳು ಟೆರೇಸಿನಲ್ಲಿ ಬೇಯಿಸುತ್ತಿದ್ದಳು. ನನಗೆ ಮೊಟ್ಟೆ ಮುಟ್ಟಲು ಹೇಸಿಗೆ. ನಾನು ದುಡಿಯುವ ಹೋಟೆಲಿನ ಸಾಂಬಾರ್ ಅನ್ನವನ್ನೇ ತಂದು ಹಾಕಿದೆ.

ಅವಳು ಮರಳಿದಾಗ ನಾಯಿ ಏಳುತ್ತಿರಲಿಲ್ಲ. ಇಬ್ಬರೂ ಅದನ್ನು ಎತ್ತಿಕೊಂಡು ಡಾಕ್ಟರ ಬಳಿ ಹೋದೆವು. ಡಾಕ್ಟರು ಅದರ ತುಟಿ ಎತ್ತಿದರು. ವಸಡು ಬಿಳಿಚಿಕೊಂಡಿತ್ತು.

“ತಟ್ಟೇಲಿ ಏನಿತ್ತು?”

“ನೀವು ಹೇಳಿದ್ದೇ ಸಾರ್,” ಎಂದೆ.

ಅವರು ನಾಯಿಯ ಕಿವಿ ಸವರುತ್ತಲೇ ಇದ್ದರು. “ಬೈಯಲ್ಲಪ್ಪಾ. ನೀವು ಸುಳ್ಳು ಹೇಳಿದ್ರೆ ನಾನು ತಪ್ಪು ಮದ್ದು ಹಾಕ್ತೀನಿ, ಇದು ಉಳಿಯಲ್ಲ. ತಟ್ಟೇಲಿ ಏನಿತ್ತು?”

“ಸಾಂಬಾರ್ ಅನ್ನ. ದಿನಾ. ಸಣ್ಣ ಈರುಳ್ಳಿದು.”

“ಅಯ್ಯೋ ಅಣ್ಣಾ!” ತಂಗಿ ನನ್ನ ಕೈಯಿಂದ ನಾಯಿಯ ಚೈನು ಕಿತ್ತುಕೊಂಡಳು.

ಡಾಕ್ಟರು ಅದನ್ನು ನನಗೇ ಮರಳಿಸಿದರು. “ಇರಮ್ಮಾ, ಅವರೇ ಹಿಡೀಲಿ. ಇಷ್ಟು ದಿನ ಅನ್ನ ಹಾಕಿದ ಕೈ, ಅದು ನಂಬುತ್ತೆ.”

ಸೂಜಿ ಚುಚ್ಚಿದಾಗ ನಾಯಿ ನನ್ನ ಅಂಗೈಗೆ ಮೂತಿ ಒತ್ತಿತು. ಅದು ಉಳಿಯಿತು. ತಂಗಿ ಮಾತ್ರ ಆಮೇಲೆ ಅದನ್ನು ನನ್ನೊಬ್ಬನ ಬಳಿ ಬಿಟ್ಟು ಎಲ್ಲಿಗೂ ಹೋಗಿಲ್ಲ.