ಮೋರೆ ನೋಡಿ ಸೌಂಡ್ ಇಡುವ ಸಂಜೀವಣ್ಣ

ಸಂಜೀವಣ್ಣ ವೇದಿಕೆಯ ಕಡೆಗೆ ನೋಡಿದ್ದನ್ನು ನಾನು ಕಂಡವಳಲ್ಲ. ಊರಿನ ಮೈಕಿನವರೆಲ್ಲ ವೇದಿಕೆಗೆ ಮುಖ ಮಾಡಿ ಕೂತರೆ ಈ ಮನುಷ್ಯ ತನ್ನ ಮೇಜನ್ನು ಪಕ್ಕದ ಗೋಡೆಗೆ ತಾಗಿಸಿ ಹಾಕಿಸಿಕೊಂಡು, ಕೂತ ಜನರ ಮುಖ ನೋಡುತ್ತ ಗುಂಡಿ ತಿರುಗಿಸುತ್ತಿದ್ದರು. ಮುಂದಿನ ಸಾಲಿನ ಅಜ್ಜಿ ಹುಬ್ಬು ಗಂಟಿಕ್ಕಿದರೆ ಬಾಸ್ ಇಳಿಯುತ್ತಿತ್ತು. ಹಿಂದಿನವರು ಕತ್ತು ಚಾಚಿದರೆ ಸ್ವರ ಏರುತ್ತಿತ್ತು. “ಕಿವಿಯನ್ನು ನಂಬ್ಲಿಕ್ಕೆ ಆಗೂದಿಲ್ಲ ಟೀಚರ್. ಮೋರೆ ನೋಡ್ಬೇಕು, ಮೋರೆ. ನನ್ನ ಸೌಂಡು ಸರಿ ಉಂಟಾ ಇಲ್ಲವಾ ಅಂತ ಅದರಲ್ಲಿ ಬರೆದಿರ್ತದೆ,” ಎನ್ನುವರು.

ಶಕ್ತಿನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಕಂಪೌಂಡು. ಆ ಕಡೆ ಅಂಗಳದಲ್ಲಿ ಅವರ ವ್ಯಾನು, ಟಾರ್ಪಾಲು ಹೊದ್ದ ಬಾಕ್ಸುಗಳು. ಭಾನುವಾರ ನಾನು ಉತ್ತರಪತ್ರಿಕೆ ಹಿಡಿದು ಕೂತರೆ ಸಾಕು, “ಹಲೋ, ಚೆಕ್, ಚೆಕ್” ಶುರು. ನಾನೋ, ಬಾಯಿ ಸ್ವಲ್ಪ ಜೋರಿನವಳು. ಎದ್ದು ಕಿಟಕಿಗೆ ಹೋಗಿ ಇನ್ನೂ ಬಾಯಿ ತೆರೆದಿರುವುದಿಲ್ಲ, ಅಷ್ಟರಲ್ಲಿ ಆಚೆ ಸದ್ದು ಬಂದ್. “ಬೈಯುವುದು ಬೇಡ ಟೀಚರ್, ಮೋರೆ ಇಲ್ಲಿಗೇ ಕಾಣ್ತದೆ!” ಎಂದು ನಗುವರು. ಬೇರೆಯವರೊಡನೆ ತುಳು, ನಾನು ಕನ್ನಡ ಕಲಿಸುವವಳೆಂದು ನನ್ನೊಡನೆ ಮಾತ್ರ ಹಟಕ್ಕೆ ಬಿದ್ದು ಕನ್ನಡ. ನನ್ನ ಅಮ್ಮನನ್ನು, ನಮ್ಮ ಕೊಂಕಣಿಯಲ್ಲಿ ಹೇಳುವುದಾದರೆ ಮಾಂಯ್‌ಯನ್ನು, ಅವರು ‘ಬಾಯಮ್ಮ’ ಎಂದು ಕರೆಯುತ್ತಿದ್ದರು. ಅವರಿಬ್ಬರದ್ದು ತುಳುವಿನಲ್ಲೇ ಪಟ್ಟಾಂಗ. ಅದನ್ನಿಲ್ಲಿ ನಾನು ಕನ್ನಡ ಮಾಡಿಕೊಂಡಿದ್ದೇನೆ. ಅಷ್ಟಮಿಗೆ ಅವರ ಮನೆಯ ಮೂಡೆ ಕಡುಬು ಈಚೆ ಬಂದರೆ ಕ್ರಿಸ್‌ಮಸ್ಸಿಗೆ ನಮ್ಮ ಕುಸ್ವಾರ್ ತಿಂಡಿಗಳ ತಟ್ಟೆ ಆಚೆ ಹೋಗುತ್ತಿತ್ತು. ನಮ್ಮ ಕುಟುಂಬದಲ್ಲಿ ಮದುವೆಯ ಮುನ್ನಾದಿನ ಹೆಣ್ಣಿಗೆ ತೆಂಗಿನ ಹಾಲು ಹಚ್ಚುವ ರೋಸ್ ಯಾರದ್ದೇ ಇರಲಿ, ಮೈಕು ಸಂಜೀವಣ್ಣನದ್ದೇ.

ಪಪ್ಪನನ್ನು ಕೊನೆಯ ಸಲ ಆಸ್ಪತ್ರೆಗೆ ಕೊಂಡುಹೋದದ್ದೂ ಅದೇ ವ್ಯಾನಿನಲ್ಲಿ. ಕೊರೋನಾದ ಕಾಲ. ಹಂಚಿನ ಕಾರ್ಖಾನೆಯಲ್ಲಿ ದುಡಿದ ಪಪ್ಪನಿಗೆ ಮೊದಲೇ ದಮ್ಮು, ಆ ದಿನ ಹೆಚ್ಚಾಯಿತು. ಆಂಬುಲೆನ್ಸಿಗೆ ಫೋನ್ ಮಾಡಿ ಮಾಡಿ ಸೋತೆವು. ಸಂಜೀವಣ್ಣ ಯಾರನ್ನೂ ಕೇಳಲಿಲ್ಲ. ಬಾಕ್ಸುಗಳನ್ನು ಅಂಗಳಕ್ಕೆ ದೂಡಿ, ಚಾಪೆ ಹಾಸಿ, ಪಪ್ಪನನ್ನು ಎತ್ತಿ ಮಲಗಿಸಿಯೇಬಿಟ್ಟರು. ಮಾಂಯ್ ತಾನೂ ಬರುತ್ತೇನೆಂದು ಮೆಟ್ಟಿಲಿಳಿದಳು. ಈ ಪ್ರಾಯದಲ್ಲಿ ಬೇಡವೆಂದು ತಡೆದು ಅವರು ಬಾಗಿಲು ಹಾಕಿದರು. ಮಾಂಯ್ ಪಪ್ಪನನ್ನು ಆಮೇಲೆ ನೋಡಲಿಲ್ಲ. ಜರ್ಮನಿಯಲ್ಲಿದ್ದ ನನ್ನ ತಮ್ಮ ವಿಲ್ಫಿಗೆ ಬರುವ ದಾರಿಯೇ ಇರಲಿಲ್ಲ, ವಿಮಾನಗಳೆಲ್ಲ ನಿಂತಿದ್ದವು. ವ್ಯಾನಿನಲ್ಲಿ ಜೊತೆಗೆ ಹೋದ ನಾನು ದಾರಿಯುದ್ದಕ್ಕೂ ಫೋನನ್ನು ಪಪ್ಪನ ಬಾಯಿಯ ಹತ್ತಿರ ಹಿಡಿದಿದ್ದೆ. ಆ ಕಡೆಯಿಂದ ವಿಲ್ಫಿ ಆ ಉಸಿರನ್ನು ಕೇಳುತ್ತಲೇ ಇದ್ದ.

ಈ ವಿಲ್ಫಿ ಚಿಕ್ಕಂದಿನಲ್ಲಿ ಇಗರ್ಜಿಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದವ. ಎಷ್ಟು ಚಂದದ ಕೈ! ಜರ್ಮನಿಗೆ ಕಲಿಯಲು ಹೋದವ ಅಲ್ಲಿ ಯಾರ ಸಹವಾಸಕ್ಕೆ ಬಿದ್ದನೋ, ಹಾಡು ಬಿಟ್ಟ, ತಾಳ ಬಿಟ್ಟ, ಕೊನೆಗೆ ಸ್ವರವನ್ನೂ ಬಿಟ್ಟ. ಮೊದಲೇ ಏನನ್ನೂ ಗೊತ್ತು ಮಾಡಿಕೊಳ್ಳದೆ, ಆ ಗಳಿಗೆಗೆ ತೋಚಿದ್ದನ್ನು ನುಡಿಸುವುದಂತೆ. ಅದೂ ಒಂದು ಬಗೆಯ ಜಾಜ್ ಅಂತೆ. ಅವನು ಕಳಿಸಿದ್ದನ್ನು ನಾನು ಅರ್ಧಕ್ಕೆ ನಿಲ್ಲಿಸಿ “ಸೂಪರ್ ಮಾರಾಯ” ಎಂದು ಮೆಸೇಜು ಹಾಕುತ್ತಿದ್ದೆ. ದಾರಿ ತೆರೆದ ಮೇಲೆ ಊರಿಗೆ ಬಂದವ ಇಲ್ಲೊಂದು ಕಛೇರಿ ಕೊಡುತ್ತೇನೆಂದು ಕೂತ. ಪಪ್ಪನ ನೆನಪಿಗೆಂದು ಪೇಟೆಯಲ್ಲಿ ಸಣ್ಣ ಹಾಲ್ ಹಿಡಿದೆವು. ಮೈಕು ಯಾರದ್ದೆಂದು ಹೇಳಬೇಕೇ?

ಅಯ್ಯೋ, ಆ ಸಂಜೆ! ನಮ್ಮವರೆಲ್ಲ ರೋಸಿಗೆ ಬರುವ ಹಾಗೆ ಸೆಂಟ್ ಹಾಕಿಕೊಂಡು ಬಂದಿದ್ದರು. ವಿಲ್ಫಿ ಸ್ಯಾಕ್ಸೊಫೋನಿನ ಬಾಯೊಳಗೆ ಮೈಕ್ ಇಟ್ಟು ಕೀರ್ ಎಂದ, ಗೊರ್ ಎಂದ, ಬೆರಳಿನಿಂದ ಕೀಲಿಗಳನ್ನು ಟಕಟಕ ಬಡಿದ. ಅರ್ಧ ತಾಸಾದ ಮೇಲೆ ಸಿರಿಲ್ ಅಂಕಲ್ ನನ್ನ ಕಡೆ ಬಾಗಿ, “ಇನ್ನೂ ಟ್ಯೂನಿಂಗ್ ಮುಗಿಯಲಿಲ್ಲವಾ?” ಎಂದು ಕೇಳಿದರು. ಒಬ್ಬ ಆಂಟಿ ಬ್ಯಾಗಿನಿಂದ ಜಪಸರ ತೆಗೆದರು. ಕಾಲೇಜಿನ ಹುಡುಗನೊಬ್ಬ ಇಲ್ಲದ ತಾಳಕ್ಕೆ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ. ವಿಲ್ಫಿ ಉಸಿರೆಳೆಯಲು ನಿಂತಾಗಲೆಲ್ಲ ಯಾರೋ ಮುಗಿಯಿತೆಂದು ಚಪ್ಪಾಳೆ ತಟ್ಟಿ, ಅವನು ಮತ್ತೆ ಶುರು ಮಾಡಿದಾಗ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಳ್ಳುತ್ತಿದ್ದರು. ನನಗೆ ಒಂದು ಕಡೆ ನಗು, ಇನ್ನೊಂದು ಕಡೆ ಮಾನ ಹೋದ ಹಾಗೆ.

ಆಮೇಲೆ ಅವನು ಕೀಲಿಗಳನ್ನು ಬಿಟ್ಟು ಬರಿಯ ಉಸಿರನ್ನು ಊದತೊಡಗಿದ. ಎಳೆಯುವುದು, ತಡೆಯುವುದು, ಸಣ್ಣ ಸಿಳ್ಳಿನೊಂದಿಗೆ ಬಿಡುವುದು. ಮೈಕು ಅದನ್ನು ಹಾಲಿನ ತುಂಬ ಹರಡಿತು. ವ್ಯಾನಿನಲ್ಲಿ ಕೇಳಿದ ಉಸಿರೇ. ನನಗೆ ಗೊತ್ತಾಯಿತು, ಗೊತ್ತಾಗದವಳ ಹಾಗೆ ಸೀರೆಯ ನೆರಿಗೆ ನೋಡುತ್ತ ಕೂತೆ. ಮುಂದಿನ ಸಾಲಿನಲ್ಲಿ ಮಾಂಯ್ ಬಾಯಿಗೆ ಮುಷ್ಟಿ ಒತ್ತಿಕೊಂಡಿದ್ದಳು, ಕಣ್ಣೀರು ಗಲ್ಲದಿಂದ ಸೀರೆಗೆ ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಸಂಜೀವಣ್ಣ ಎದ್ದು, “ಕೇಬಲ್ ಲೂಸಾಯ್ತು, ಸಾರಿ” ಎಂದರು. ಅದನ್ನು ಕೇಳುವ ವ್ಯವಧಾನ ಯಾರಿಗೆ? ಬಿಡುಗಡೆಯಾದ ಖುಷಿಗೆ ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಮುಚ್ಚಿದ್ದ ಕಣ್ಣು ತೆರೆದ ವಿಲ್ಫಿ, ಜನ ಆಗಲೇ ಕಾಫಿಯ ಕಡೆಗೆ ಹೊರಟದ್ದು ನೋಡಿ, ತಲೆ ಬಾಗಿಸಿ ಇಳಿದುಬಂದ.

ಮರುದಿನ ಬೆಳಿಗ್ಗೆ ನಾವು ತಿಂಡಿಗೆ ಕೂತಿರುವಾಗ ಸಂಜೀವಣ್ಣ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಯಾವತ್ತೂ ಬಂದವರೇ ಸ್ಟೂಲ್ ಎಳೆದುಕೊಂಡು ಕೂರುವವರು ಆ ದಿನ ಕೂರಲಿಲ್ಲ.

“ಕೇಬಲ್ ಅಲ್ಲ ವಿಲ್ಫಿ. ನನ್ನ ಕೇಬಲ್ ಇಷ್ಟು ವರ್ಷದಲ್ಲಿ ಲೂಸಾಗಲಿಲ್ಲ. ನಾನೇ ಇಳಿಸಿದ್ದು. ಬಾಯಮ್ಮ ಅಳ್ತಾ ಇದ್ದರು. ಆ ಮೋರೆ ನೋಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ.”

ವಿಲ್ಫಿ ಏನೋ ಹೇಳಹೊರಟ. ಅಷ್ಟರಲ್ಲಿ ಮಾಂಯ್ ಚಾದ ಗ್ಲಾಸು ಕೆಳಗಿಟ್ಟಳು. “ಅದು ಅವರ ಉಸಿರು ಸಂಜೀವ. ವ್ಯಾನಿನ ಬಾಗಿಲು ಹಾಕಿದ ಮೇಲೆ ನನಗೆ ಕೇಳದೆ ಹೋದದ್ದು. ನಿನ್ನೆ ಕೇಳ್ತಾ ಇದ್ದೆ. ಇನ್ನೂ ಇತ್ತು.” ಬೈಯಲಿಲ್ಲ, ದೂರಲಿಲ್ಲ. ಮಳೆ ಬಂತು, ಬಟ್ಟೆ ತೆಗಿ ಎನ್ನುವ ಹಾಗೆ ಹೇಳಿದಳು. ಬೈದಿದ್ದರೆ ಆ ಮನುಷ್ಯ ಬದುಕಿಕೊಳ್ಳುತ್ತಿದ್ದರು.

“ಪರವಾಗಿಲ್ಲ ಸಂಜೀವಣ್ಣ, ಇನ್ನೊಮ್ಮೆ ನುಡಿಸ್ತೇನೆ, ನೀವೇ ಮೈಕು,” ಎಂದ ವಿಲ್ಫಿ ಮಧ್ಯಾಹ್ನದ ವಿಮಾನಕ್ಕೆ ಹೋದ. ನಮ್ಮ ಮನೆಯ ಗೇಟಿನ ಹತ್ತಿರ ಸಂಜೀವಣ್ಣ ನನಗೆ ಹೇಳಿದರು: “ವ್ಯಾನಿನ ಬಾಗಿಲು ಹಾಕಿದ್ದೂ ನಾನೇ, ಸೌಂಡ್ ಇಳಿಸಿದ್ದೂ ನಾನೇ. ಬಾಯಮ್ಮನಿಗೆ ಎರಡು ಸಲ ತಪ್ಪಿಸಿದೆ ಟೀಚರ್.”

ಅಲ್ಲಿಂದ ಅವರ ವ್ರತ ಶುರುವಾಯಿತು. ವ್ರತವೇ. ವಿಲ್ಫಿಯ ಸಂಗೀತವೆಲ್ಲ ಬೇಕೆಂದು ನನ್ನಿಂದ ಪೆನ್‌ಡ್ರೈವಿಗೆ ಹಾಕಿಸಿಕೊಂಡರು. ಬೆಳಿಗ್ಗೆ ಅಂಗಳದಲ್ಲಿ ವ್ಯಾನಿನ ಗಾಜು ಏರಿಸಿ, ಸ್ಟಿಯರಿಂಗ್ ಹಿಡಿದು ಕೂತು, ಎಲ್ಲಿಗೂ ಹೋಗದೆ ಕೇಳುವರು. “ಇವರಿಗೆ ಎಂತದೋ ಆಗಿದೆ, ಮರದ ಮಿಲ್ಲಿನ ಸದ್ದು ಹಾಕಿಕೊಂಡು ಕೂತ್ಕೊಳ್ತಾರೆ,” ಎಂದು ಅವರ ಹೆಂಡತಿ ಕಂಪೌಂಡಿನಾಚೆಯಿಂದ ದೂರುತ್ತಿದ್ದರು. ನಾನು ಚೇಷ್ಟೆಗೆ, “ಏನಾದರೂ ಅರ್ಥವಾಯಿತಾ ಸಂಜೀವಣ್ಣ?” ಎಂದರೆ, “ಇಲ್ಲಪ್ಪ. ಸತ್ಯ ಹೇಳ್ತೇನೆ, ತಲೆ ಬೇನೆ ಬರ್ತದೆ. ಆದರೆ ಬಂದ್ ಮಾಡ್ಲಿಕ್ಕೆ ಹೆದರಿಕೆ. ಯಾರದ್ದೋ ಮಾತು ಅರ್ಧದಲ್ಲಿ ಬಿಟ್ಟು ಎದ್ದ ಹಾಗೆ,” ಎನ್ನುವರು.

ಅದೇ ಹೆದರಿಕೆ ಕೆಲಸಕ್ಕೂ ಬಂತು. ಉಳ್ಳಾಲದಲ್ಲಿ ನಮ್ಮ ಸಂಬಂಧಿಕರ ಮದುವೆ. ಬಾಸಿನ ಹೊಡೆತಕ್ಕೆ ಹಿರಿಯರೆಲ್ಲ ಎದೆ ಹಿಡಿದುಕೊಂಡರು. ಸಂಜೀವಣ್ಣ ಅವರ ಮುಖಗಳನ್ನೇ ನೋಡುತ್ತಿದ್ದಾರೆ, ಗುಂಡಿಯ ಮೇಲೆ ಕೈ ಉಂಟು, ತಿರುಗಿಸುವುದಿಲ್ಲ! ಮದುಮಗಳ ತಂದೆ ಬಂದು ಸಿಕ್ಕಾಪಟ್ಟೆ ಬೈದರು. ನಾನು ಹತ್ತಿರ ಹೋದಾಗ ಸಂಜೀವಣ್ಣನ ಹಣೆಯಲ್ಲಿ ಬೆವರು. “ಈಗ ಮೋರೆ ನೋಡಿದರೆ ಎಂತ ಅಂತಲೇ ಗೊತ್ತಾಗೂದಿಲ್ಲ ಟೀಚರ್. ಬೇಡ ಅಂತ ಹೇಳ್ತದಾ, ಇನ್ನೂ ಬೇಕು ಅಂತ ಹೇಳ್ತದಾ?” ಪಾಪ. ಅವರು ಅಡುಗೆಮನೆಗೆ ಬಂದ ಆ ಬೆಳಿಗ್ಗೆ ನಾನೂ ಬಾಯಿಬಿಟ್ಟು, “ನೀವು ಇಳಿಸಿದಾಗ ನನಗೆ ಜೀವ ಬಂದ ಹಾಗಾಯಿತು” ಎಂದು ಒಂದು ಮಾತು ಸೇರಿಸಿದ್ದರೆ ತಪ್ಪು ಪಾಲಾದರೂ ಆಗುತ್ತಿತ್ತೇನೋ. ಸುಮ್ಮನಿದ್ದೆ, ಉಳ್ಳಾಲದಲ್ಲೂ ಸುಮ್ಮನೇ ಇದ್ದೆ. ಜೋರು ಬಾಯಿ ಬೇಕಾದಾಗ ಬರುವುದಿಲ್ಲ. ಮತ್ತೆ ಕರೆಯುವವರು ಕಡಿಮೆಯಾದರು. ಬಾಕ್ಸುಗಳನ್ನೂ ವ್ಯಾನನ್ನೂ ಮಾರಿ ಅವರು ಕಾಟಿಪಳ್ಳಕ್ಕೆ, ಮಗಳ ಮನೆಗೆ ಹೋದರು. ಈ ಸಲದ ಮಳೆಗಾಲಕ್ಕೆ ಮೊದಲು ಅಲ್ಲೇ ತೀರಿಕೊಂಡರು. ಚಾ ಕುಡಿಯುತ್ತ ಕೂತಲ್ಲೇ ಹೋದರಂತೆ.

ಅವರನ್ನು ನಾನು ಕೊನೆಯ ಸಲ ಕಂಡದ್ದು ಹೋದ ಕ್ರಿಸ್‌ಮಸ್ಸಿನಲ್ಲಿ. ವಿಲ್ಫಿ ಬಂದಿದ್ದ, ಹೇಳಿದ ಮಾತು ನಡೆಸುತ್ತೇನೆಂದು ಹಟ ಹಿಡಿದ. ಹಾಲ್ ಬೇಡ, ಮೈಕೂ ಬೇಡ, ನಮ್ಮ ಚಾವಡಿಯಲ್ಲೇ ಆಗಲಿ, ಕೇಳುವವರು ಮಾಂಯ್ ಮತ್ತು ಸಂಜೀವಣ್ಣ ಎಂದ. ಸಂಜೀವಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಕಾಟಿಪಳ್ಳದಿಂದ ಎರಡು ಬಸ್ಸು ಬದಲಿಸಿ ಬಂದರು. ಸಣ್ಣಗಾಗಿದ್ದರು. ಮಾಂಯ್‌ಯ ಎದುರಿನ ಕುರ್ಚಿಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟು ಕೂತರು. ಆದರೆ ಮಾಂಯ್‌ಗೆ ಅಷ್ಟರಲ್ಲಿ ಕಿವಿ ಪೂರ್ತಿ ಹೋಗಿತ್ತು. ಕಿವಿಗೆ ಹಾಕುವ ಮಿಶನ್ ಅವಳಿಗೆ ಬೇಡವೇ ಬೇಡ. ಇದನ್ನು ಸಂಜೀವಣ್ಣನಿಗೆ ಹೇಳುವ ಧೈರ್ಯ ನನಗೂ ಬರಲಿಲ್ಲ, ವಿಲ್ಫಿಗೂ ಬರಲಿಲ್ಲ.

ವಿಲ್ಫಿ ನೇರ ಉಸಿರಿನಿಂದಲೇ ಶುರು ಮಾಡಿದ. ಮೈಕಿಲ್ಲದೆ ಅದು ಬಹಳ ಸಣ್ಣದು, ಹತ್ತಿರ ಕೂತವರಿಗಷ್ಟೇ ಕೇಳುವಂಥದ್ದು. ಎಳೆಯಿತು, ತಡೆಯಿತು, ಬಿಟ್ಟಿತು. ಮಾಂಯ್ ಮಗ ನುಡಿಸುವುದನ್ನು ಚಿತ್ರ ನೋಡುವ ಹಾಗೆ ನಗುನಗುತ್ತ ನೋಡುತ್ತಿದ್ದಳು. ಸಂಜೀವಣ್ಣನಿಗೆ ತಿಳಿಯಲು ಎಷ್ಟು ಹೊತ್ತು ಬೇಕು? ಅವಳ ನಗು ನೋಡಿದರು, ನನ್ನ ಕಡೆ ತಿರುಗಿದರು, ನಾನು ತಲೆ ತಗ್ಗಿಸಿದೆ. ಮತ್ತೆ ಅವರು ಕಣ್ಣು ಮುಚ್ಚಿ ಒಬ್ಬರೇ ಕೇಳತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ಹೆಗಲು ಅಲುಗಿತು. ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಮಾಂಯ್‌ಯ ನಗು ನಿಂತಿತು. ಕುರ್ಚಿಯ ಕೈ ಹಿಡಿದು ಎದ್ದಳು, ವಿಲ್ಫಿಯ ಹತ್ತಿರ ಹೋಗಿ ಸ್ಯಾಕ್ಸೊಫೋನಿನ ಮೇಲೆ ಅಂಗೈ ಇಟ್ಟಳು. “ಪುರೊ ಪುತಾ, ಪುರೊ,” ಎಂದಳು. ಸಾಕು ಮಗನೇ, ಸಾಕು. “ಸಂಜೀವ ಅಳ್ತಾ ಇದ್ದಾನೆ, ಕಾಣೂದಿಲ್ಲವಾ? ನನಗೆ ನೋಡ್ಲಿಕ್ಕೆ ಆಗೂದಿಲ್ಲ.”

ವಿಲ್ಫಿ ನಿಲ್ಲಿಸಿದ. ಮುಂದುವರಿಸು ಎಂದು ಒಂದು ಮಾತು ನಾನಾದರೂ ಹೇಳಬಹುದಿತ್ತು. ಸಂಜೀವಣ್ಣ ದಡಬಡನೆ ಎದ್ದು ಎರಡೂ ಕೈ ಮುಗಿದರು. “ಬೇಡ ಬಾಯಮ್ಮ, ನಿಲ್ಲಿಸಬೇಡಿ! ನಾನು ಕೇಳ್ತಾ ಇದ್ದೇನೆ. ಇನ್ನೂ ಉಂಟು ಬಾಯಮ್ಮ, ಇನ್ನೂ ಉಂಟು!” ಮಾಂಯ್‌ಗೆ ಎಲ್ಲಿ ಕೇಳಬೇಕು? ಅವಳು ಸೀರೆಯ ಸೆರಗಿನಿಂದ ಅವರ ಮುಖ ಒರೆಸುತ್ತ, ಮಗುವನ್ನು ಸಮಾಧಾನ ಮಾಡುವ ಹಾಗೆ, “ಆಯ್ತು ಸಂಜೀವ, ಮುಗಿಯಿತು, ಎಲ್ಲ ಮುಗಿಯಿತು,” ಎನ್ನುತ್ತಲೇ ಇದ್ದಳು.